ಟೀ ಶರ್ಟ್ ಸಿಕ್ಕಿತು, ಕಾಯಿಲೆಯ ಹೆಸರೇನು?

ಫೆಬ್ರುವರಿ ಕೊನೆ ಬಂತೆಂದರೆ ಬೆಂಗಳೂರಿನಲ್ಲಿ ಜಾಗೃತಿ ನಡಿಗೆಗಳ ಸುಗ್ಗಿ. ಭಾನುವಾರ ಬೆಳಗಾದರೆ ಸಾಕು, ಒಂದೇ ಬಣ್ಣದ ಟೀ ಶರ್ಟ್ ತೊಟ್ಟು, ಎದೆಗೆ ನಂಬರ್ ಚೀಟಿ ಪಿನ್ ಮಾಡಿಕೊಂಡು ನೀವೆಲ್ಲ ಹೊರಟುಬಿಡುತ್ತೀರಿ. ಸಂತೋಷ. ರಜೆ ದಿನ ಹತ್ತು ಗಂಟೆಗೂ ಏಳದವರು ಐದಕ್ಕೇ ಎದ್ದು ಹಲ್ಲುಜ್ಜುವುದನ್ನು ಕಂಡರೆ ಯಾವ ಹಿರಿಯರಿಗೆ ಖುಷಿಯಾಗುವುದಿಲ್ಲ? ಆದರೆ ವಾಪಸ್ ಬಂದವರನ್ನು ನಿಲ್ಲಿಸಿ, "ಯಾವ ಕಾಯಿಲೆಗಾಗಿ ನಡೆದಿರಪ್ಪಾ?" ಎಂದು ಕೇಳಿದರೆ, "ಅದೇ ಆಂಟಿ, ಏನೋ ಜೆನೆಟಿಕ್ಕು" ಎನ್ನುತ್ತ ಮೊಬೈಲ್ ಮುಂದೆ ಹಿಡಿಯುತ್ತೀರಿ. ಫೋಟೊದಲ್ಲಿ ಮೆಡಲ್ ಇದೆ, ಉಪ್ಪಿಟ್ಟಿನ ತಟ್ಟೆ ಇದೆ, ಗೆಳೆಯರ ದಂಡೇ ಇದೆ. ಕಾಯಿಲೆಯ ಹೆಸರಿಲ್ಲ, ಕಾಯಿಲೆ ಇರುವವರೂ ಇಲ್ಲ.

ಬೈಯುತ್ತಿದ್ದಾಳೆ ಎಂದು ಮುಖ ಊದಿಸಿಕೊಳ್ಳಬೇಡಿ. ನಿಮ್ಮ ಮನಸ್ಸು ಒಳ್ಳೆಯದು ಎಂದು ಗೊತ್ತಿರುವುದಕ್ಕೇ ಹೇಳುತ್ತಿದ್ದೇನೆ. ಜನಕ್ಕೆ ಗೊತ್ತಿಲ್ಲದ ಕಾಯಿಲೆಯ ಹೆಸರಿನಲ್ಲಿ ನಡೆಯುವ ನಡಿಗೆಯಿಂದ ಆಗಬೇಕಾದ ಮುಖ್ಯ ಕೆಲಸ ಒಂದೇ. ಏನಾಗಿದೆ ಎಂದು ಗೊತ್ತಾಗದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಸುತ್ತುವ ಯಾವುದೋ ಒಂದು ಮನೆಯವರ ಅಲೆದಾಟ ನಿಮ್ಮಿಂದಾಗಿ ನಾಲ್ಕು ದಿನ ಕಡಿಮೆಯಾಗಬೇಕು. ಅದಕ್ಕೆ ಕಾಲಿನ ಕಸುವು ಸಾಲದು. ಕಿವಿ ತೆರೆದಿರಬೇಕು, ನಾಲಿಗೆ ಹಿಡಿತದಲ್ಲಿರಬೇಕು, ದುಡ್ಡಿನ ಲೆಕ್ಕ ನೆಟ್ಟಗಿರಬೇಕು. ಒಂದೊಂದಾಗಿ ಹೇಳುತ್ತೇನೆ, ಕೇಳಿ.

ಏಳು ಕಿಲೋಮೀಟರ್ ಏಕೆ?

ಮೊದಲು ಹಿನ್ನೆಲೆ ತಿಳಿದಿರಲಿ. ಫೆಬ್ರುವರಿಯ ಕೊನೆಯ ದಿನವನ್ನು ಲೋಕದಲ್ಲೆಲ್ಲ ಅಪರೂಪದ ಕಾಯಿಲೆಗಳ ದಿನ ಎಂದು ಆಚರಿಸುತ್ತಾರೆ. ಯುರೋಪಿನ ರೋಗಿಗಳ ಸಂಘಗಳ ಒಕ್ಕೂಟವಾದ ಯುರೋರ್ಡಿಸ್ ಇದನ್ನು ಶುರು ಮಾಡಿದ್ದು 2008ರ ಫೆಬ್ರುವರಿ 29ರಂದು. ಅಪರೂಪದ ಕಾಯಿಲೆಗೆ ನಾಲ್ಕು ವರ್ಷಕ್ಕೊಮ್ಮೆ ಬರುವ ತಾರೀಖೇ ಸರಿಯೆಂದು ಆರಿಸಿಕೊಂಡರು. ಉಳಿದ ವರ್ಷಗಳಲ್ಲಿ 28ಕ್ಕೆ ಆಚರಣೆ.

ಬೆಂಗಳೂರಿನಲ್ಲೇ ನೆಲೆಯಿರುವ ಆರ್ಗನೈಸೇಷನ್ ಫಾರ್ ರೇರ್ ಡಿಸೀಸಸ್ ಇಂಡಿಯಾ ಎಂಬ ಸಂಸ್ಥೆ 2016ರಲ್ಲಿ 'ರೇಸ್ ಫಾರ್ 7' ಎಂಬ ಓಟ-ನಡಿಗೆ ಆರಂಭಿಸಿತು. ಆಮೇಲೆ ಅದು ಬೇರೆ ಊರುಗಳಿಗೂ ಹಬ್ಬಿತು. ಏಳು ಕಿಲೋಮೀಟರ್ ಎಂದು ಇಟ್ಟದ್ದಕ್ಕೆ ಕಾರಣವಿದೆ. ಗುರುತಿಸಲಾಗಿರುವ ಅಪರೂಪದ ಕಾಯಿಲೆಗಳು ಸುಮಾರು 7,000. ಬಂದಿರುವುದು ಯಾವುದೆಂದು ಗೊತ್ತಾಗಲು ರೋಗಿಗೆ ಹಿಡಿಯುವ ಕಾಲ ಸರಾಸರಿ 7 ವರ್ಷ. ನಮ್ಮ ದೇಶದಲ್ಲಿ ಇಂಥ ಕಾಯಿಲೆ ಇರುವವರು 7 ಕೋಟಿ ಎಂದು ಅಂದಾಜು. ಬಿಡಿಬಿಡಿಯಾಗಿ ನೋಡಿದರೆ ಅಪರೂಪ, ಒಟ್ಟು ಹಾಕಿದರೆ ಕರ್ನಾಟಕದ ಜನಸಂಖ್ಯೆಯಷ್ಟು!

ಈ ಮೂರರಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ಏಳು ವರ್ಷ. ಮಗುವಿಗೆ ಎರಡನೇ ವರ್ಷಕ್ಕೆ ಶುರುವಾದದ್ದು ಒಂಬತ್ತನೇ ವರ್ಷಕ್ಕೆ ಗೊತ್ತಾದರೆ, ಅಷ್ಟರಲ್ಲಿ ಒಡವೆ ಅಡವಿಟ್ಟಾಗಿರುತ್ತದೆ, ಹರಕೆಗಳೆಲ್ಲ ಮುಗಿದಿರುತ್ತವೆ, ಅದೇ ತೊಂದರೆ ಹೊತ್ತ ಎರಡನೇ ಮಗುವೂ ಹುಟ್ಟಿರಬಹುದು. ಈ ಕಾಯಿಲೆಗಳಲ್ಲಿ ನೂರಕ್ಕೆ ಎಂಬತ್ತರಷ್ಟು ವಂಶವಾಹಿಯಲ್ಲಿನ ದೋಷದಿಂದ ಬರುವಂಥವು, ಬಹುಪಾಲು ಬಾಲ್ಯದಲ್ಲೇ ಕಾಣಿಸಿಕೊಳ್ಳುವಂಥವು. ಅದಕ್ಕೆಂದೇ ಬಂದ ಮದ್ದು ಇರುವುದು ನೂರಕ್ಕೆ ಐದಕ್ಕೆ ಮಾತ್ರ. ಆ ಐದರಲ್ಲಿ ಕೆಲವಕ್ಕೆ ಬೇಗ ಹಿಡಿದರಷ್ಟೇ ಮದ್ದು ನಾಟುತ್ತದೆ. ಉಳಿದ ತೊಂಬತ್ತೈದಕ್ಕೂ ಹೆಸರು ಗೊತ್ತಾದರೆ ಅಲೆದಾಟ ನಿಲ್ಲುತ್ತದೆ, ಮುಂದಿನ ಮಗುವಿನ ಬಗ್ಗೆ ಯೋಚಿಸಲು ದಾರಿಯಾಗುತ್ತದೆ.

ಹೊರಡುವ ಮುನ್ನ ಒಂದು ಲಕ್ಷಣ ಕಲಿಯಿರಿ

ಏಳು ಸಾವಿರ ಹೆಸರು ಬಾಯಿಪಾಠ ಮಾಡಿ ಎಂದರೆ ನೀವು ಓಡಿಹೋಗುತ್ತೀರಿ. ಬೇಡ. ಯಾವ ಕಾಯಿಲೆಯ ನಡಿಗೆಗೆ ಹೆಸರು ಕೊಟ್ಟಿದ್ದೀರೋ ಅದರ ಹೆಸರು, ಮನೆಮಂದಿಯ ಕಣ್ಣಿಗೆ ಬೀಳುವ ಒಂದು ಲಕ್ಷಣ, ತೋರಿಸಬೇಕಾದ ಆಸ್ಪತ್ರೆ, ಈ ಮೂರು ಕಲಿತುಕೊಂಡು ಮನೆ ಬಿಡಿ.

ಡುಷೆನ್ ಸ್ನಾಯುಕ್ಷಯ ಎಂಬುದೊಂದಿದೆ. ಹೆಚ್ಚುಕಡಿಮೆ ಗಂಡುಮಕ್ಕಳಿಗೇ ಬರುತ್ತದೆ. ಮೂರು-ನಾಲ್ಕು ವರ್ಷದ ಹುಡುಗ ಪದೇಪದೇ ಬೀಳುತ್ತಾನೆ, ತುದಿಗಾಲಲ್ಲಿ ನಡೆಯುತ್ತಾನೆ, ಮೆಟ್ಟಿಲು ಹತ್ತಲು ಒದ್ದಾಡುತ್ತಾನೆ. ನೆಲದಲ್ಲಿ ಕೂತವನು ಏಳಬೇಕಾದರೆ ಮೊದಲು ಬೋರಲಾಗಿ ಕೈಯೂರಿ, ಆಮೇಲೆ ತನ್ನ ಮೊಣಕಾಲಿನ ಮೇಲೆ ಕೈಯಿಟ್ಟು, ಹಾಗೇ ತೊಡೆಯ ಮೇಲೆ ಕೈ ಏರಿಸುತ್ತ ತನ್ನ ಮೈಯನ್ನೇ ತಾನು ಹತ್ತಿದಂತೆ ಎದ್ದು ನಿಲ್ಲುತ್ತಾನೆ. ಮೀನಖಂಡ ದಪ್ಪಗೆ ತುಂಬಿಕೊಂಡಿರುತ್ತದೆ. ಅದನ್ನು ನೋಡಿ ಅಜ್ಜಿ, "ನನ್ನ ಮೊಮ್ಮಗನ ಕಾಲು ಪೈಲ್ವಾನನ ಕಾಲು" ಎಂದು ದೃಷ್ಟಿ ತೆಗೆಯುತ್ತಾಳೆ. ದೃಷ್ಟಿ ತೆಗೆಯಲಿ, ಬೇಡವೆನ್ನುವುದಿಲ್ಲ. ಜೊತೆಗೆ ಮಕ್ಕಳ ಡಾಕ್ಟರಿಗೂ ತೋರಿಸಿ, ಸಿಪಿಕೆ ಎಂಬ ರಕ್ತಪರೀಕ್ಷೆ ಬೇಕೇ ಎಂದು ಕೇಳಲಿ. ಅನುಮಾನವನ್ನು ಗಟ್ಟಿ ಮಾಡುವ ಮೊದಲ ಪರೀಕ್ಷೆ ಅದು. ಈ ಕಾಯಿಲೆಯ ಜಾಗೃತಿ ದಿನ ಸೆಪ್ಟೆಂಬರ್ 7. ಡಿಸ್ಟ್ರೋಫಿನ್ ಎಂಬ ಜೀನಿನಲ್ಲಿ 79 ತುಣುಕುಗಳಿವೆ ಎಂದು ಒಂಬತ್ತನೇ ತಿಂಗಳ ಏಳನ್ನು ಆರಿಸಿದ್ದಾರೆ.

ಹಿಮೋಫಿಲಿಯಾ ಇನ್ನೊಂದು. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶ ಮೈಯಲ್ಲಿ ಕಡಿಮೆ. ಅಂಬೆಗಾಲಿಡುವ ಮಗುವಿನ ಮೊಣಕಾಲಲ್ಲಿ ಕಾರಣವಿಲ್ಲದೆ ನೀಲಿಗಟ್ಟುವುದು, ಕೀಲು ಊದಿಕೊಂಡು ಬಿಸಿಯಾಗುವುದು, ಹಲ್ಲು ಕೀಳಿಸಿದ ಮೇಲೆ ರಕ್ತ ನಿಲ್ಲದಿರುವುದು ಇದರ ಗುರುತು. ಊದಿದ ಕೀಲಿಗೆ ಎಣ್ಣೆ ಹಾಕಿ ನೀವಬೇಡಿ, ಒಳಗಿನ ರಕ್ತಸ್ರಾವ ಹೆಚ್ಚುತ್ತದೆ. ನೋವಿಗೆಂದು ಆಸ್ಪಿರಿನ್ ನುಂಗಿಸಬೇಡಿ. ದಾವಣಗೆರೆಯ ಹಿಮೋಫಿಲಿಯಾ ಸೊಸೈಟಿ ಈ ವಿಚಾರದಲ್ಲಿ ನಮ್ಮ ರಾಜ್ಯದಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಆ ಕೊರತೆ ತುಂಬುವ ಫ್ಯಾಕ್ಟರ್ ಚುಚ್ಚುಮದ್ದು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ ಎಂಬುದೇ ಎಷ್ಟೋ ಹಳ್ಳಿಯವರಿಗೆ ಗೊತ್ತಿಲ್ಲ. ಹಿಮೋಫಿಲಿಯಾ ದಿನವಾದ ಏಪ್ರಿಲ್ 17ರ ನಡಿಗೆಗೆ ಹೋದವರು ಆ ಒಂದು ಸಂಗತಿ ಊರಲ್ಲಿ ಹೇಳಿದರೂ ನಡೆದದ್ದು ಸಾರ್ಥಕ.

ವಿಲ್ಸನ್ ಕಾಯಿಲೆ ಎಂಬ ಮೂರನೆಯದು ಇನ್ನೂ ವಿಚಿತ್ರ. ಊಟದಲ್ಲಿ ಬರುವ ತಾಮ್ರ ಮೈಯಿಂದ ಹೊರಹೋಗದೆ ಪಿತ್ತಜನಕಾಂಗದಲ್ಲಿ, ಮಿದುಳಿನಲ್ಲಿ ಕೂತುಬಿಡುತ್ತದೆ. ಓದಿನಲ್ಲಿ ಮುಂದಿದ್ದ ಹುಡುಗಿಯ ಅಕ್ಷರ ಹೈಸ್ಕೂಲಿಗೆ ಬಂದ ಮೇಲೆ ಕೆಡುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ, ಸಿಟ್ಟು ಹೆಚ್ಚುತ್ತದೆ. ಮೇಷ್ಟ್ರು ಸೋಮಾರಿತನ ಎನ್ನುತ್ತಾರೆ, ಮನೆಯವರು ಗಾಳಿ ಸೋಕಿದೆ ಎನ್ನುತ್ತಾರೆ. ಬೇಗ ಗೊತ್ತಾದರೆ ಮಾತ್ರೆಯಲ್ಲೇ ಹತೋಟಿಗೆ ಬರುವ ಕಾಯಿಲೆಯಿದು. ಜೀವನಪೂರ್ತಿ ನುಂಗಬೇಕು, ಅಷ್ಟೇ. ಇಂಥದ್ದನ್ನು ಗೊತ್ತಾಗದೆ ಕಳೆದುಕೊಂಡರೆ ಹೊಟ್ಟೆ ಉರಿಯುವುದಿಲ್ಲವೇ?

ಮನೆಯಲ್ಲಿ ಬಸುರಿ ಇದ್ದರೆ ಈ ಮಾತೂ ಕೇಳಿ. ಹುಟ್ಟಿದ ಎರಡು-ಮೂರು ದಿನಕ್ಕೆ ಮಗುವಿನ ಹಿಮ್ಮಡಿಯಿಂದ ಒಂದು ತೊಟ್ಟು ರಕ್ತ ತೆಗೆದು ಮಾಡುವ ಪರೀಕ್ಷೆಯಿದೆ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇದ್ದರೆ ಅದರಲ್ಲಿ ತಿಳಿಯುತ್ತದೆ. ಮೊದಲ ಎರಡು ವಾರದೊಳಗೆ ಮಾತ್ರೆ ಶುರು ಮಾಡಿದರೆ ಬುದ್ಧಿಯ ಬೆಳವಣಿಗೆಗೆ ಏಟು ಬೀಳುವುದಿಲ್ಲ. "ಎಳೆಗೂಸಿಗೆ ಸೂಜಿ ಚುಚ್ಚುವುದೇ?" ಎಂದು ತಕರಾರು ತೆಗೆಯಬೇಡಿ. ಹೆರಿಗೆಗೆ ಸೇರುವಾಗಲೇ ಕೇಳಿಟ್ಟುಕೊಳ್ಳಿ.

ನಮ್ಮ ಹಿತ್ತಲಲ್ಲೇ ಇರುವುದು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಾಯಿಲೆಗಳಿಗೂ ಒಪ್ಪುತ್ತದೆ. ಪಕ್ಕದಲ್ಲಿರುವ ನೋವು ನಮಗೆ ಕಾಣುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಕೇಳಿದ್ದೀರಾ? 1970ರ ದಶಕದ ಮಧ್ಯದಲ್ಲಿ ಅಲ್ಲಿನ ದಲಿತ ಕುಟುಂಬಗಳಲ್ಲಿ ಸೊಂಟ, ಮೊಣಕಾಲುಗಳ ಕೀಲು ಸವೆದು ಜನ ಬಗ್ಗಿ ನಡೆಯುವಂತಾದದ್ದು ಹೊರಗಿನವರ ಗಮನಕ್ಕೆ ಬಂತು. ಕೆಲವರು ಕುಳ್ಳಗೇ ಉಳಿದರು. ಗದ್ದೆಯ ಏಡಿ, ಮೀನು ತಿಂದದ್ದಕ್ಕೆ, ಅದರಲ್ಲಿದ್ದ ಕೀಟನಾಶಕದಿಂದ ಬಂದಿರಬಹುದು ಎಂದು ಮೊದಲು ಸಂಶಯಪಟ್ಟರು. ವಂಶದಲ್ಲಿ ಹರಿದುಬರುವ ಮೂಳೆಯ ಕಾಯಿಲೆ ಎಂಬುದು ಆಮೇಲೆ ತಿಳಿಯಿತು. ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಆ ಊರಿನ ಹೆಸರೇ ಕಾಯಿಲೆಗೆ ನಿಂತಿದೆ. ಊಳುವುದು, ನಾಟಿ ಮಾಡುವುದು, ಹೊರೆ ಹೊರುವುದು, ಎಲ್ಲವೂ ಕೀಲಿನ ಬಲದ ಮೇಲೆ ನಿಂತ ಕೂಲಿಯ ಮನೆಗಳು ಅವು. ಕೀಲು ಹೋದರೆ ಅನ್ನವೂ ಹೋಯಿತು.

ನಗರದಲ್ಲಿ ಇಂಗ್ಲಿಷ್ ಹೆಸರಿನ ನಡಿಗೆಗಳಿಗೆ ಹೋಗುವ ನೀವು, ನಿಮ್ಮ ನಿಮ್ಮ ಜಿಲ್ಲೆಯಲ್ಲಿ ಇಂಥದ್ದೇನಿದೆ ಎಂದೂ ವಿಚಾರಿಸಿ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ಮನೆಯಲ್ಲಿ ಏನಿದೆ ಎಂದು ಬೆರಳ ತುದಿಯಲ್ಲಿ ಹೇಳುತ್ತಾಳೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬಂತೆ ಆಗಬಾರದು.

ನಡೆಯುವಾಗ ಹೀಗಿರಿ

ಒಂದು ನಡಿಗೆಯಲ್ಲಿ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಮೈದಾನದಲ್ಲಿ ಹುಲ್ಲಿನ ಮೇಲೆ ಎಲ್ಲರನ್ನೂ ನಿಲ್ಲಿಸಿದ್ದರು. ಬಾವುಟ ಬೀಸಿದ್ದೇ ತಡ, ಜನ ನುಗ್ಗಿದರು. ಹನ್ನೆರಡು-ಹದಿಮೂರರ ಹುಡುಗನೊಬ್ಬನ ಗಾಲಿಕುರ್ಚಿಯ ಮುಂದಿನ ಚಿಕ್ಕ ಚಕ್ರ ಒದ್ದೆ ಮಣ್ಣಿನಲ್ಲಿ ಹೂತಿತು. ಅಪ್ಪ ಹಿಂದಿನಿಂದ ಎತ್ತಿ ಎತ್ತಿ ನೂಕುತ್ತಿದ್ದ, ಅಮ್ಮ ಮುಂದೆ ಬಗ್ಗಿ ಚಕ್ರಕ್ಕೆ ಮೆತ್ತಿದ ಕೆಸರು ಕೆರೆಯುತ್ತಿದ್ದಳು. ಅವನ ಕಾಯಿಲೆಯ ಹೆಸರನ್ನೇ ಬೆನ್ನ ಮೇಲೆ ಅಚ್ಚು ಹಾಕಿಸಿಕೊಂಡವರು ಎರಡೂ ಕಡೆಯಿಂದ ದಾಟಿ ಹೋದರು. ಕುರ್ಚಿ ಗೇಟಿಗೆ ಬರುವ ಹೊತ್ತಿಗೆ ಮೊದಲು ಹೋದವರು ವಾಪಸ್ ಬಂದು ತಿಂಡಿಯ ಸಾಲಿನಲ್ಲಿದ್ದರು. ಆ ಹುಡುಗ ಅಳಲಿಲ್ಲ. "ಮನೆಗೆ ಹೋಗೋಣ" ಎಂದ, ಅಷ್ಟೇ.

ಅದಕ್ಕೇ ಹೇಳುವುದು: ನಿಧಾನವಾಗಿ ನಡೆಯಿರಿ. ಇದು ಪಂದ್ಯವಲ್ಲ. ಯಾರಿಗಾಗಿ ನಡೆಯುತ್ತಿದ್ದೀರೋ ಅವರು ಮುಂದೆ ಇರಲಿ, ನೀವು ಅವರ ಹಿಂದೆ ಇರಿ. ಗಾಲಿಕುರ್ಚಿ ನೂಕುವ ಮುನ್ನ "ನೂಕಲೇ?" ಎಂದು ಕೇಳಿ. ಹಿಂದಿನಿಂದ ಬಂದು ಗಬಕ್ಕನೆ ಹಿಡಿದರೆ ಕೂತವರ ಎದೆ ಧಸಕ್ಕೆನ್ನುತ್ತದೆ. ಮಾತಾಡುವುದಿದ್ದರೆ ಕುರ್ಚಿಯಲ್ಲಿರುವವರ ಜೊತೆಗೇ ಮಾತಾಡಿ. "ಇವನಿಗೆ ತಿಂಡಿ ಏನು ಬೇಕಂತೆ?" ಎಂದು ತಲೆಯ ಮೇಲಿಂದ ಅಮ್ಮನನ್ನು ಕೇಳಬೇಡಿ. ಅವನಿಗೆ ಬಾಯಿದೆ.

ಮಕ್ಕಳನ್ನು ಕಂಡ ಕೂಡಲೇ ಕೆನ್ನೆ ಹಿಂಡುವ, ಎತ್ತಿಕೊಳ್ಳುವ ಅಭ್ಯಾಸ ಬಿಡಿ. ಎಪಿಡರ್ಮೊಲೈಸಿಸ್ ಬುಲ್ಲೋಸಾ ಎಂಬ ಚರ್ಮದ ಕಾಯಿಲೆ ಇರುವ ಮಗುವಿನ ಚರ್ಮ ಚಿಟ್ಟೆಯ ರೆಕ್ಕೆಯಷ್ಟು ನಾಜೂಕು. ಅಕ್ಕರೆಯಿಂದ ತೋಳು ಹಿಡಿದೆಳೆದರೆ ಬೊಬ್ಬೆ ಎದ್ದು ಸಿಪ್ಪೆ ಸುಲಿಯುತ್ತದೆ. ಅಂಗಿಯ ಹೊಲಿಗೆ ಉಜ್ಜಿದರೂ ಗಾಯ. ಅಂಥ ಮಗುವಿನ ಕೈಗೆ ಬಿಗಿಯಾದ ರಬ್ಬರ್ ಪಟ್ಟಿ ಹಾಕಲು ಹೋಗುವ ಸ್ವಯಂಸೇವಕರನ್ನು ಏನೆನ್ನಬೇಕು? ಎಲುಬು ಪೆಡಸಾಗಿರುವ ಕಾಯಿಲೆಯ ಮಕ್ಕಳಿಗೆ ಒಂದು ಗಟ್ಟಿ ಅಪ್ಪುಗೆಗೇ ಎಲುಬು ಮುರಿಯಬಹುದು. ಕೇಳಿ, ಹೂಂ ಎಂದ ಮೇಲೆ ಮುಟ್ಟಿ.

ಫೋಟೊ ವಿಚಾರಕ್ಕೆ ಬರೋಣ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಪಕ್ಕದಲ್ಲಿ ನಿಲ್ಲಿಸಿಕೊಂಡು, ಬೆರಳಲ್ಲಿ ವಿ ಅಕ್ಷರ ತೋರಿಸಿ ತೆಗೆದ ಚಿತ್ರ ನಿಮ್ಮ ಸ್ಟೇಟಸ್ಸಿನಲ್ಲಿ ಒಂದು ದಿನ ಇದ್ದು ಹೋಗುತ್ತದೆ. ಆ ಮಗುವಿನ ಅಕ್ಕನಿಗೆ ನಾಳೆ ಗಂಡು ನೋಡಲು ಬರುವವರ ಫೋನಿನಲ್ಲಿ ಅದು ಉಳಿದಿರುತ್ತದೆ. ಹೆತ್ತವರ ಒಪ್ಪಿಗೆಯಿಲ್ಲದೆ ಮುಖ ತೆಗೆಯಬೇಡಿ. ದೊಡ್ಡ ಮಗುವಾದರೆ ಅದರ ಒಪ್ಪಿಗೆಯನ್ನೂ ಕೇಳಿ. ಬ್ಯಾನರಿನ ಫೋಟೊ ಹಾಕಿದರೆ ನಿಮ್ಮ ಪುಣ್ಯಕ್ಕೇನೂ ಕೊರತೆಯಾಗುವುದಿಲ್ಲ.

ನಿಮ್ಮ ಮೈ ಕಡೆಗೂ ಗಮನವಿರಲಿ. ವರ್ಷವಿಡೀ ಲಿಫ್ಟ್ ಹತ್ತಿಳಿದವರು ಏಕ್‌ದಂ ಏಳು ಕಿಲೋಮೀಟರ್ ಹೊರಟರೆ ಮಂಡಿ ಕೇಳುತ್ತದೆಯೇ? ಹದಿನೈದು ದಿನ ಮುಂಚಿನಿಂದ ಸಂಜೆ ಅರ್ಧ ಗಂಟೆ ನಡೆದು ರೂಢಿ ಮಾಡಿಕೊಳ್ಳಿ. ಹೊಸ ಶೂ ಅವತ್ತೇ ತೊಡಬೇಡಿ. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ. ಜೇಬಿನಲ್ಲಿ ಎರಡು ಗ್ಲೂಕೋಸ್ ಬಿಸ್ಕತ್ತು, ಒಂದಿಷ್ಟು ಬೆಲ್ಲ ಇರಲಿ. ಎದೆನೋವು, ಏದುಸಿರು ಬಂದರೆ ಮರ್ಯಾದೆಗೆ ಅಂಜದೆ ಕೂತುಬಿಡಿ. ನೀರಿನ ಬಾಟಲಿ ಮನೆಯಿಂದಲೇ ಒಯ್ಯಿರಿ. ಕಬ್ಬನ್ ಪಾರ್ಕಿನ ಮರದ ಬುಡದಲ್ಲಿ ಪ್ಲಾಸ್ಟಿಕ್ ಬಾಟಲಿ ಎಸೆದು ಆರೋಗ್ಯದ ಘೋಷಣೆ ಕೂಗಿದರೆ ಪೌರಕಾರ್ಮಿಕರು ನಗುತ್ತಾರೆ. ದಾರಿಯಲ್ಲಿ ಆಂಬ್ಯುಲೆನ್ಸ್ ಬಂದರೆ ಸಾಲು ಮುರಿದು ಪಕ್ಕಕ್ಕೆ ಸರಿಯಿರಿ. ಆಸ್ಪತ್ರೆ ಎದುರು ತಮಟೆ ನಿಲ್ಲಲಿ.

ನಾಲಿಗೆ ಬಿಗಿಹಿಡಿಯಿರಿ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೆಲವು ಮಾತು ಆಡಲೇಬೇಡಿ. "ಅಯ್ಯೋ ಪಾಪ" ಬೇಡ. "ಯಾವ ಜನ್ಮದ ಕರ್ಮವೋ" ಬೇಡವೇ ಬೇಡ. "ನಿಮ್ಮ ತವರಿನಲ್ಲಿ ಯಾರಿಗಾದರೂ ಇತ್ತಾ?" ಎಂದು ತಾಯಿಯ ಕಡೆ ಬೆರಳು ತೋರಿಸಬೇಡಿ. ಹಿಮೋಫಿಲಿಯಾ ಬಹುಪಾಲು ತಾಯಿಯ ಮೂಲಕ ಗಂಡುಮಗುವಿಗೆ ಬರುವುದು ನಿಜ. ಆದರೆ ಮೂರರಲ್ಲಿ ಒಂದು ಪಾಲಿನಷ್ಟು ಮನೆಗಳಲ್ಲಿ ಹಿಂದೆ ಯಾರಿಗೂ ಇಲ್ಲದೆ ಹೊಸದಾಗಿಯೇ ಕಾಣಿಸಿಕೊಳ್ಳುತ್ತದೆ. ವಂಶವಾಹಿಯನ್ನು ಯಾರೂ ಅಂಗಡಿಯಲ್ಲಿ ಆರಿಸಿ ತರುವುದಿಲ್ಲ. ಅದಕ್ಕಾಗಿ ಸೊಸೆಯನ್ನು ತವರಿಗೆ ಕಳಿಸಿದ ಮನೆಗಳನ್ನೂ ಕಂಡಿದ್ದೇನೆ. ಆ ಪಾಪದಲ್ಲಿ ನಿಮ್ಮ ನಾಲಿಗೆಗೆ ಪಾಲು ಬೇಡ.

"ಇಂಥ ಊರಲ್ಲಿ ನಾಟಿ ಔಷಧಿ ಕೊಡುತ್ತಾರಂತೆ, ಮೂರು ಅಮಾವಾಸ್ಯೆಗೆ ವಾಸಿಯಂತೆ" ಎಂಬ ಅಂತೆಕಂತೆಯೂ ಬೇಡ. ಆ ಮನೆಯವರು ಅದನ್ನೆಲ್ಲ ನಿಮಗಿಂತ ಮೊದಲೇ ಮಾಡಿ ಸೋತಿರುತ್ತಾರೆ. "ಹೇಗಿದ್ದೀರಿ? ಇವತ್ತು ನಿದ್ದೆ ಆಯಿತಾ?" ಎಂದು ಕೇಳಿ, ಅವರು ಹೇಳಿದ್ದನ್ನು ಕೇಳಿಸಿಕೊಳ್ಳಿ. ಅಷ್ಟು ಸಾಕು.

ಹೇಳಲೇಬೇಕಾದ ಒಂದು ಮಾತನ್ನು ಮಾತ್ರ ನಿಮ್ಮ ಮನೆಯಲ್ಲೇ ಹೇಳಿ. ನಮ್ಮ ಕಡೆ ಸೋದರಮಾವನಿಗೆ, ಅತ್ತೆ-ಮಾವನ ಮಕ್ಕಳಿಗೆ ಹೆಣ್ಣು ಕೊಟ್ಟು ತರುವುದು ಹಳೆಯ ಬಳಕೆ. ಆಸ್ತಿ ಹೊರಗೆ ಹೋಗುವುದಿಲ್ಲ, ಹುಡುಗ ಗೊತ್ತಿರುವವನು ಎಂಬ ಸಮಾಧಾನ. ಆದರೆ ಮಾವ-ಸೊಸೆಯರ ವಂಶವಾಹಿಯಲ್ಲಿ ನಾಲ್ಕನೇ ಒಂದು ಪಾಲು, ಅತ್ತೆ-ಮಾವನ ಮಕ್ಕಳಲ್ಲಿ ಎಂಟನೇ ಒಂದು ಪಾಲು ಒಂದೇ ಆಗಿರುತ್ತದೆ. ಒಂದೇ ದೋಷ ಇಬ್ಬರಲ್ಲೂ ಅಡಗಿದ್ದರೆ ಮಗುವಿನಲ್ಲಿ ಹೊರಬೀಳುವ ಸಂಭವ ಹೆಚ್ಚು. ಮದುವೆ ಆಗಿಹೋದವರನ್ನು ಹೆದರಿಸಬೇಡಿ. ಹೆಚ್ಚಿನವರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ. ಇನ್ನೂ ಮಾತುಕತೆಯಲ್ಲಿರುವವರು ಜಾತಕ ತೋರಿಸುವ ಮುನ್ನ ಜೆನೆಟಿಕ್ ಕೌನ್ಸೆಲರ್ ಹತ್ತಿರ ಒಮ್ಮೆ ಕೂತು ಬರಲಿ.

ದುಡ್ಡಿನ ಲೆಕ್ಕ

ಹನಿ ಹನಿ ಕೂಡಿದರೆ ಹಳ್ಳ. ಅಮೆರಿಕದಲ್ಲಿ 1938ರಲ್ಲಿ ಪೋಲಿಯೊ ವಿರುದ್ಧ ಸಂಸ್ಥೆಯೊಂದು ಹುಟ್ಟಿದಾಗ ಜನ ಹತ್ತು ಸೆಂಟಿನ ನಾಣ್ಯಗಳನ್ನು ದೇಶದ ಅಧ್ಯಕ್ಷರ ಮನೆಗೇ ಅಂಚೆಯಲ್ಲಿ ಕಳಿಸಿದರು. ಅದಕ್ಕೇ ಅದು ಮಾರ್ಚ್ ಆಫ್ ಡೈಮ್ಸ್ ಎಂದಾಯಿತು. ಆ ಹಣದ ನೆರವಿನಿಂದ ಸಾಕ್ ಲಸಿಕೆ ತಯಾರಾಗಿ 1955ರಲ್ಲಿ ಬಳಕೆಗೆ ಬಂತು. ಅದೇ ಸಂಸ್ಥೆ 1970ರಲ್ಲಿ ನಡಿಗೆಯಿಂದ ಹಣ ಕೂಡಿಸಲು ಶುರು ಮಾಡಿತು. 2014ರಲ್ಲಿ ತಲೆ ಮೇಲೆ ಐಸ್ ನೀರು ಸುರಿದುಕೊಂಡವರನ್ನು ಕಂಡು ನಾವೆಲ್ಲ ನಕ್ಕೆವಲ್ಲ, ಅದರಿಂದ ಎಎಲ್‌ಎಸ್ ಎಂಬ ನರದ ಕಾಯಿಲೆಗಾಗಿ ಅಲ್ಲಿನ ಸಂಘಕ್ಕೆ ಸುಮಾರು 11.5 ಕೋಟಿ ಡಾಲರ್ ಬಂತು. ಅದರ ನೆರವು ಪಡೆದ ಸಂಶೋಧನೆಯಲ್ಲಿ ಆ ಕಾಯಿಲೆಗೆ ಸಂಬಂಧಿಸಿದ ಹೊಸ ಜೀನ್ ಪತ್ತೆಯಾಯಿತು. ಹಣ ಸೇರಬೇಕಾದಲ್ಲಿ ಸೇರಿದರೆ ಕೆಲಸ ಆಗುತ್ತದೆ.

ಸೇರಬೇಕಾದಲ್ಲಿ ಸೇರುತ್ತದೆಯೇ ಎಂದು ನೋಡುವುದು ನಿಮ್ಮ ಕೆಲಸ. ದಾನ ಮಾಡುವಾಗ ಪಾತ್ರಾಪಾತ್ರ ನೋಡಬೇಕು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನೋಂದಣಿ ಶುಲ್ಕದಲ್ಲಿ ಟೀ ಶರ್ಟ್, ಮೆಡಲ್, ಶಾಮಿಯಾನಕ್ಕೆ ಹೋಗುವುದೆಷ್ಟು, ರೋಗಿಗಳಿಗೆ ಉಳಿಯುವುದೆಷ್ಟು ಎಂದು ನೇರವಾಗಿ ಕೇಳಿ. ಪ್ರಾಮಾಣಿಕರು ಮುಖ ಸಿಂಡರಿಸದೆ ಹೇಳುತ್ತಾರೆ. ಸಂಸ್ಥೆ ನೀತಿ ಆಯೋಗದ ಎನ್‌ಜಿಒ ದರ್ಪಣ್ ಪಟ್ಟಿಯಲ್ಲಿದೆಯೇ ನೋಡಿ. ತೆರಿಗೆಯಲ್ಲಿ 80ಜಿ ರಿಯಾಯಿತಿ ಬೇಕಾದವರು ಎರಡು ಸಾವಿರ ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಡಬೇಡಿ, ರಿಯಾಯಿತಿ ಸಿಗುವುದಿಲ್ಲ. ರಸೀದಿ ಜೊತೆಗೆ 10ಬಿಇ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ರಿಯಾಯಿತಿ ಇಲ್ಲ, ಪುಣ್ಯವಷ್ಟೇ.

"16 ಕೋಟಿಯ ಇಂಜೆಕ್ಷನ್ ಬೇಕು, ಈ ಮಗುವನ್ನು ಉಳಿಸಿ" ಎಂಬ ಸಂದೇಶ ನಿಮಗೂ ಬಂದಿರುತ್ತದೆ. ಎಸ್‌ಎಂಎ ಎಂಬ ನರ-ಸ್ನಾಯು ಕಾಯಿಲೆಗೆ ಅಷ್ಟು ಬೆಲೆಯ ಚಿಕಿತ್ಸೆ ಇರುವುದು ನಿಜ. ಆದರೆ ವಾಟ್ಸ್‌ಆ್ಯಪಿನಲ್ಲಿ ಬಂದ ಕ್ಯೂಆರ್ ಕೋಡಿಗೆಲ್ಲ ಹಣ ಹಾಕಬೇಡಿ. ಮಗುವಿನ ಚಿತ್ರ ನಿಜವಿದ್ದು, ಖಾತೆ ಕಳ್ಳನದ್ದಾಗಿರಬಹುದು. ಆಸ್ಪತ್ರೆಗೆ ಫೋನು ಮಾಡಿ ವಿಚಾರಿಸಿ. ದೇಶದಲ್ಲಿ 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂತು. ಅದರಡಿ ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಚಿಕಿತ್ಸೆಗೆ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗಬಹುದು. ನಮ್ಮಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಜೊತೆಯಾಗಿ ಅಂಥ ಕೇಂದ್ರ. ಸಾರ್ವಜನಿಕರು ದಾನ ಕೊಡಲು ಕೇಂದ್ರ ಆರೋಗ್ಯ ಸಚಿವಾಲಯದ್ದೇ ಪೋರ್ಟಲ್ ಇದೆ. ಕೈ ಬಿಚ್ಚುವುದಿದ್ದರೆ ಅಲ್ಲಿ ಬಿಚ್ಚಿ.

ನೀವೇ ಏರ್ಪಡಿಸುವುದಾದರೆ

ಕಾಲೇಜಿನಲ್ಲೋ ಅಪಾರ್ಟ್‌ಮೆಂಟಿನಲ್ಲೋ ನಡಿಗೆ ಇಟ್ಟುಕೊಳ್ಳುವವರು ಬ್ಯಾನರ್ ಬರೆಸುವ ಮುನ್ನ ಆ ಕಾಯಿಲೆ ಇರುವ ನಾಲ್ಕು ಮನೆಯವರನ್ನು ಕೂರಿಸಿಕೊಂಡು ಮಾತಾಡಿ. ಅವರಿಗೆ ಯಾವ ಹೊತ್ತು ಅನುಕೂಲ, ಎಷ್ಟು ದೂರ ಸಾಧ್ಯ ಎಂದು ಕೇಳಿ. ಏಳು ಕಿಲೋಮೀಟರಿನ ಜೊತೆಗೆ ಒಂದು ಕಿಲೋಮೀಟರಿನ ಸಪಾಟು ದಾರಿಯೂ ಇರಲಿ. ಹಿಂದಿನ ದಿನ ಯಾರಾದರೂ ಗಾಲಿಕುರ್ಚಿಯಲ್ಲಿ ಆ ದಾರಿ ಸುತ್ತಿ ಬರಲಿ. ಎದ್ದ ಚಪ್ಪಡಿ, ಮುಚ್ಚದ ಗುಂಡಿ ಆಗ ಗೊತ್ತಾಗುತ್ತವೆ. ಕುರ್ಚಿ ಒಳಹೋಗುವಂಥ ಶೌಚಾಲಯ, ನೆರಳು, ಪ್ರಥಮ ಚಿಕಿತ್ಸೆ, ಪೊಲೀಸರ ಅನುಮತಿ, ಇವು ಮೊದಲು. ಮೆಡಲ್ ಆಮೇಲೆ.

ಅತಿಥಿಗಳು ತಡವಾಗಿ ಬರುತ್ತಾರೆಂದು ಮಕ್ಕಳನ್ನು ಬಿಸಿಲಲ್ಲಿ ಕಾಯಿಸಬೇಡಿ. ಹೇಳಿದ ಹೊತ್ತಿಗೆ ಬಾವುಟ ಬೀಸಿ, ಅತಿಥಿ ಬಂದಾಗ ಸೇರಿಕೊಳ್ಳಲಿ. ಭಾಷಣ ಐದು ನಿಮಿಷ. ಕರಪತ್ರ ಕನ್ನಡದಲ್ಲಿರಲಿ: ಮೇಲೆ ಕಾಯಿಲೆಯ ಹೆಸರು, ನಡುವೆ ಮೂರು ಲಕ್ಷಣ, ಕೆಳಗೆ ಆಸ್ಪತ್ರೆಯ ವಿಳಾಸ. ಗ್ಲಾಸಿ ಕಾಗದದಲ್ಲಿ ಇಂಗ್ಲಿಷ್ ಅಚ್ಚು ಹಾಕಿಸಿ ಹೂವಿನ ಅಂಗಡಿಯಾಕೆಗೆ ಕೊಟ್ಟರೆ ಅದರಲ್ಲಿ ಮಲ್ಲಿಗೆ ಕಟ್ಟಿ ಕೊಡುತ್ತಾಳೆ, ಅದು ಆಕೆಯ ತಪ್ಪಲ್ಲ. ಒಂದು ತಿಂಗಳೊಳಗೆ ಬಂದ ಹಣ, ಖರ್ಚಾದ ಹಣ, ಕೊಟ್ಟ ಹಣ ಎಂದು ಮೂರು ಸಾಲಿನ ಲೆಕ್ಕ ನೋಟಿಸ್ ಬೋರ್ಡಿಗೆ ಹಚ್ಚಿ.

ಸೋಮವಾರ ಮಾಡುವುದೇನು?

ಆರಂಭಶೂರತ್ವ ನಮ್ಮ ಜನರ ದೊಡ್ಡ ರೋಗ, ಅದು ಅಪರೂಪದ್ದೂ ಅಲ್ಲ. ಭಾನುವಾರದ ಹುರುಪು ಸೋಮವಾರ ಇಳಿದುಹೋಗುತ್ತದೆ. ಹಾಗಾಗಿ ಮಾಡಲು ಸುಲಭವಾದ ನಾಲ್ಕು ಕೆಲಸ ಹೇಳುತ್ತೇನೆ, ಒಂದನ್ನಾದರೂ ಹಿಡಿಯಿರಿ.

ಮೊದಲನೆಯದು, ರಕ್ತ ಕೊಡಿ. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ ಬೇಕು. 18ರಿಂದ 65 ವರ್ಷದೊಳಗಿನ, 45 ಕೆ.ಜಿ.ಗಿಂತ ಹೆಚ್ಚು ತೂಕದ ಆರೋಗ್ಯವಂತರು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಬೇಸಿಗೆ ರಜೆಯಲ್ಲಿ ಕಾಲೇಜುಗಳು ಮುಚ್ಚಿ ಶಿಬಿರಗಳು ಕಡಿಮೆಯಾದಾಗ ಕೊಟ್ಟರೆ ಇನ್ನೂ ಒಳ್ಳೆಯದು.

ಎರಡನೆಯದು, ಬಿಡುವು ಕೊಡಿ. ಹಾಸಿಗೆ ಹಿಡಿದ ಮಗುವನ್ನು ನೋಡಿಕೊಳ್ಳುವ ತಾಯಿಗೆ ಬ್ಯಾಂಕಿಗೆ ಹೋಗಲೂ ಪುರುಸೊತ್ತಿಲ್ಲ. ವಾರಕ್ಕೆ ಎರಡು ಗಂಟೆ ನೀವು ಆ ಮಗುವಿನ ಹತ್ತಿರ ಕೂತರೆ ಅವಳು ತಲೆಗೆ ಎರೆದುಕೊಂಡು, ಬಿಸಿ ಕಾಫಿ ಕುಡಿದು, ತಂಗಿಯ ಮನೆಗೆ ಹೋಗಿ ಬರುತ್ತಾಳೆ. ಮಗುವನ್ನು ಹೇಗೆ ಮಗ್ಗುಲು ಹೊರಳಿಸಬೇಕು, ನೀರು ಹೇಗೆ ಕುಡಿಸಬೇಕು ಎಂಬುದನ್ನು ಅವಳಿಂದ ಕಲಿತುಕೊಂಡೇ ಕೂರಿ.

ಮೂರನೆಯದು, ಶಾಲೆಯಲ್ಲಿ ಮಾತಾಡಿ. ಸ್ನಾಯುಕ್ಷಯ, ಹಿಮೋಫಿಲಿಯಾ, ಥಲಸ್ಸೇಮಿಯಾ, ಮಲ್ಟಿಪಲ್ ಸ್ಕ್ಲೆರೋಸಿಸ್, ಇವೆಲ್ಲ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿವೆ. ಹಾಗಾಗಿ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಎಷ್ಟೋ ಮನೆಗಳಿಗೆ ಇದು ಗೊತ್ತಿಲ್ಲ; ಅರ್ಜಿ ತುಂಬಲು ನೀವು ಕೂತು ಸಹಾಯ ಮಾಡಿ. ಪೋಷಕರ ಸಭೆಯಲ್ಲಿ ಎದ್ದು, ಆ ಮಗುವಿನ ತರಗತಿ ನೆಲಮಹಡಿಗೆ ಬರಲಿ ಎಂದು ಕೇಳಿ. ಹೆತ್ತವರು ಕೇಳಿದರೆ ಮೊರೆ ಎನ್ನಿಸುತ್ತದೆ, ಬೇರೆ ಪೋಷಕರೂ ಕೇಳಿದರೆ ಶಾಲೆ ಕಿವಿಗೊಡುತ್ತದೆ.

ನಾಲ್ಕನೆಯದು, ಕಲಿತದ್ದನ್ನು ಮೂವರಿಗೆ ದಾಟಿಸಿ. ಅಂಗನವಾಡಿ ಟೀಚರಿಗೆ, ಪಕ್ಕದ ಮನೆಯ ಬಾಣಂತಿಗೆ, ಊರಲ್ಲಿರುವ ಅಕ್ಕನಿಗೆ. "ನೆಲದಿಂದ ಏಳಲು ತೊಡೆ ಹಿಡಿದುಕೊಳ್ಳುವ ಹುಡುಗ ಕಂಡರೆ ಹೇಳು" ಎಂದಷ್ಟು ಹೇಳಿದರೂ ಸಾಕು. ಅದಾದ ಮೇಲೆ ಹೆದರಿಸುವುದು ಬೇಡ; ರೋಗ ನಿರ್ಣಯ ಡಾಕ್ಟರ ಕೆಲಸ, ಬಾಗಿಲು ತೋರಿಸುವುದು ನಮ್ಮ ಕೆಲಸ. ಕಂಡ ಮಕ್ಕಳಿಗೆಲ್ಲ ಕಾಯಿಲೆ ಹಚ್ಚುತ್ತ ಕೂತರೆ ನಿಮ್ಮನ್ನು ಯಾರೂ ಮನೆಗೆ ಸೇರಿಸುವುದಿಲ್ಲ.

ಇಷ್ಟು ಹೇಳಿದ್ದು ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚಲು ಅಲ್ಲ. ಖಂಡಿತ ನಡೆಯಿರಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಮುಂದಿನ ಸಲ ನಂಬರ್ ಚೀಟಿ ತೆಗೆದುಕೊಳ್ಳುವ ಕೌಂಟರಿನಲ್ಲಿ, "ಟೀ ಶರ್ಟ್ ಮೀಡಿಯಮ್ಮಾ, ಲಾರ್ಜಾ?" ಎಂದು ಅವರು ಕೇಳುವ ಮುಂಚೆ ನೀವೇ ಎರಡು ಪ್ರಶ್ನೆ ಕೇಳಿಬಿಡಿ: ಈ ಕಾಯಿಲೆಯ ಮೊದಲ ಲಕ್ಷಣ ಏನು? ಈ ಹಣದಲ್ಲಿ ರೋಗಿಗೆ ಹೋಗುವುದೆಷ್ಟು? ಎರಡಕ್ಕೂ ನೆಟ್ಟಗೆ ಉತ್ತರ ಸಿಕ್ಕರೆ ಹೆಸರು ಬರೆಸಿ, ನನ್ನದನ್ನೂ ಬರೆಸಿ. ಒಂದು ಕಿಲೋಮೀಟರಿನ ಸಾಲಿನಲ್ಲಿ ನಾನೂ ಬರುತ್ತೇನೆ.